ಹಿತ್ತಲ ಕೋಳಿ, ಭಾಗ 5: “ಕೋಳಿ ತಾನೇ” ಅನ್ನೋ ಮಾತು ಮೊದಲು ಬಿಡಿ

ಮೊದಲ ಫೋಟೋ ನೋಡಿ. ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ತೂಕಡಿಸ್ತಾ ಕೂತಿರೋ ಹೇಂಟೆ. ಬೆಳಿಗ್ಗೆ ಗೂಡು ತೆಗೆದಾಗ ಹೀಗೆ ಕಂಡ್ರೆ ನೀವೇನು ಮಾಡ್ತೀರಿ? ನಿಜ ಹೇಳಿ.

ನಮ್ಮ ಕಡೆ ನಡೆಯೋದು ಮೂರೇ. ಸಾಯೋ ಮುಂಚೆ ಕೊಯ್ದು ಸಾರು ಮಾಡೋದು. ಮನೇಲಿ ಉಳಿದ ಮನುಷ್ಯರ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕೋದು. ಇಲ್ಲಾ, ಉಳಿದ ಕೋಳಿನೆಲ್ಲ ಬುಟ್ಟಿಗೆ ತುಂಬಿ ಸಂತೆಗೆ ಸಾಗಿಸೋದು. ಮೂರೂ ತಪ್ಪು. ಮೂರನೆಯದು ಬರೀ ತಪ್ಪಲ್ಲ, ಅನ್ಯಾಯ.

ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚೋದು ಕಂಡ್ರೆ ಕೊಕ್ಕರೆ ರೋಗದ ಅನುಮಾನ ಇಟ್ಕೊಳ್ಳಿ. ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ಅಂತಾರೆ. ಇದು ವೈರಸ್ ರೋಗ, ಆಂಟಿಬಯಾಟಿಕ್ ಇದಕ್ಕೆ ನಾಟೋದೇ ಇಲ್ಲ. ಕಂಡಕಂಡಲ್ಲಿ ಸುರಿದ್ರೆ ನಾಳೆ ಮನುಷ್ಯರಿಗೂ ಆ ಔಷಧಿ ಕೆಲಸ ಮಾಡಲ್ಲ. ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಕೋಳಿ ಸಾಕಣೆಯಲ್ಲಿ ಬಳಸಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ನಾನೇನು ಸಾಚಾ ಅಲ್ಲ. ಸಂತೆಯಿಂದ ಎರಡು ಹೇಂಟೆ ತಂದು ಅದೇ ಸಂಜೆ ಗೂಡಿಗೆ ಬಿಟ್ಟೆ. ಹತ್ತು ದಿನದಲ್ಲಿ ಹದಿನಾಲ್ಕು ಕೋಳಿ ಹೋಗಿ ಮೂರು ಉಳಿದವು. ಮೊಟ್ಟೆ ದುಡ್ಡು ನಮ್ಮತ್ತೆಯದು, ಅವರ ಬಿಪಿ ಮಾತ್ರೆ ಅದರಲ್ಲೇ ಬರ್ತಿತ್ತು. ಅವರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

“ಐನೂರು ರೂಪಾಯಿ ಕೋಳಿಗೆ ಡಾಕ್ಟರಾ?” ಅಂತೀರಿ. ಲೆಕ್ಕ ಹಾಕಬೇಕಾದ್ದು ಒಂದು ಕೋಳಿಗಲ್ಲ, ಇಡೀ ಬೀದಿಗೆ.

ಹಾಗಾದ್ರೆ ಏನು ಮಾಡ್ಬೇಕು?

ಮಂಕಾದ ಕೋಳಿನ ಅವತ್ತೇ ಬೇರೆ ಮಾಡಿ. ಒಣಗಿದ, ಬೆಚ್ಚಗಿನ ಜಾಗ, ಕೈಗೆಟಕೋ ಹಾಗೆ ಶುದ್ಧ ನೀರು, ತೆಳು ರಾಗಿ ಅಂಬಲಿ. ಕೊಕ್ಕು ಬಿಡಿಸಿ ಎಣ್ಣೆ, ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋದ್ರೆ ಕಥೆ ಮುಗೀತು. ಆರೋಗ್ಯದ ಕೋಳಿಗೆ ಮೊದಲು ಮೇವು, ಕಾಯಿಲೆದಕ್ಕೆ ಕೊನೆಗೆ. ಆಮೇಲೆ ಕೈ, ಚಪ್ಪಲಿ ತೊಳೀರಿ. ಸತ್ತದ್ದನ್ನ ಹಳ್ಳಕ್ಕೆ ಎಸೀಬೇಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಒಟ್ಟಿಗೆ ನಾಲ್ಕೈದು ಸತ್ರೆ ಮುಚ್ಚಿಡಬೇಡಿ, ಅದು ಹಕ್ಕಿಜ್ವರವೂ ಇರಬಹುದು. ಪಶು ಆಸ್ಪತ್ರೆಗೆ ಹೇಳಿ, ಇಲ್ಲಾ 1962ಕ್ಕೆ ಫೋನ್ ಮಾಡಿ. ಹೊಸ ಕೋಳಿ ತಂದ್ರೆ ಎರಡು ಮೂರು ವಾರ ದೂರ ಇಡಿ.

ಈಗ ಅಸಲಿ ಮಾತು. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಒಂದು ಬಾಟ್ಲಿ ನೂರಾರು ಕೋಳಿಗೆ ಸಾಕು, ಆದ್ರೆ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರೋ ಮನೆ ಅದಕ್ಕೇ ಹಾಕಿಸಲ್ಲ. ಹತ್ತು ಮನೆ ಸೇರಿದ್ರೆ?

ಹಾಲಿನ ಡೈರಿ ಮುಂದೆ ದಿನಾ ಸೇರ್ತೀರಲ್ಲ, ನಾಳೆ ಅಲ್ಲೇ ಈ ಮಾತು ತೆಗೀರಿ. ಒಂದು ದಿನ ಗೊತ್ತು ಮಾಡಿ. ಆ ದಿನ ಬೆಳಿಗ್ಗೆ ಯಾರೂ ಕೋಳಿ ಹೊರಗೆ ಬಿಡಬೇಡಿ.

ಭಾಗ 6: ಗೂಡು ಹೇಗಿರಬೇಕು?

#ಹಿತ್ತಲಕೋಳಿ #ನಾಟಿಕೋಳಿ #ಕೊಕ್ಕರೆರೋಗ