ಪರವಾನಗಿ ಕೊಟ್ಟರೆ ಜೂಜು ಒಳ್ಳೆಯದಾಗುವುದೇ?



ಹಿಂದೆ ಸಂಬಳದ ದಿನ ಪಾಡಿಯ ಹಿಂಬದಿಯಲ್ಲಿ ಇಸ್ಪೀಟಿನ ಚಾಪೆ ಹಾಸುತ್ತಿದ್ದರು. ಹೆಂಗಸರು ಕಂಡು ಗದರಿಸಿ ಎಬ್ಬಿಸುತ್ತಿದ್ದರು. ಈಗ ಆ ಚಾಪೆ ಕಂಬಳಿಯೊಳಗಿನ ಫೋನಿನಲ್ಲಿದೆ. ಯಾರು ಕಂಡಾರು, ಯಾರು ಎಬ್ಬಿಸಿಯಾರು? ದಿನವೆಲ್ಲ ಚಿಗುರು ಕೊಯ್ದು ತೂಕಕ್ಕೆ ಹಾಕಿ ಬರುವ ಹೆಂಡತಿಗೆ ಹಣ ಹೋದದ್ದು ತಿಳಿಯುವುದು ಅಂಗಡಿಯವನು ಬಾಕಿ ಕೇಳಿದಾಗಲೇ.

ಆಟ ನಡೆಸುವವರ ವಾದವೇನು? ನಿಷೇಧ ಬೇಡ, ಪರವಾನಗಿ ಕೊಡಿ; ಆಡುವವರ ವಯಸ್ಸು ನೋಡುತ್ತೇವೆ, ತೆರಿಗೆ ಕಟ್ಟುತ್ತೇವೆ ಎನ್ನುತ್ತಾರೆ. ಈ ಪರವಾನಗಿಯ ಕಥೆಯನ್ನು ಸ್ವಲ್ಪ ನೋಡೋಣ.

ಸಿಕ್ಕಿಂ 2008ರಲ್ಲಿ, ನಾಗಾಲ್ಯಾಂಡ್ 2016ರಲ್ಲಿ ಇಂಥ ಆಟಗಳಿಗೆ ಪರವಾನಗಿಯ ಕಾಯಿದೆ ಮಾಡಿದವು. ಪರವಾನಗಿ ಕೊಡುವುದು ಒಂದು ರಾಜ್ಯ. ಫೋನಿಗೆ ಮಾತ್ರ ಗಡಿಯಿಲ್ಲ. ತಮಿಳುನಾಡು 2025ರಲ್ಲಿ ನಡುರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಹಣದ ಆಟ ಬಂದ್ ಎಂದು ನಿಯಮ ಮಾಡಿತು. ಅದೇ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ. ಆದರೆ ಉಳಿದ 19 ಗಂಟೆ? ಕೆಲಸ ಮುಗಿಸಿ ಬಂದವನ ಸಂಬಳ ಕರಗಲು ಸಂಜೆಯಿಂದ ನಡುರಾತ್ರಿಯವರೆಗಿನ ಹೊತ್ತು ಸಾಲದೇ?

ಇನ್ನು ತೆರಿಗೆ. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಕಟ್ಟಿದ ಹಣದ ಮೇಲೆ ಶೇಕಡ 28 ಜಿಎಸ್‌ಟಿ ಬಂತು. ಆ ತೆರಿಗೆ ಯಾರ ಜೇಬಿನದು? ಸೋತವನದೇ ಅಲ್ಲವೇ? ಪಾಲು ಪಡೆಯುವ ಸರ್ಕಾರ ಕಾವಲುಗಾರನಾಗುವುದು ಹೇಗೆ? ಕೇರಳ ಸರ್ಕಾರ 1967ರಿಂದ ತಾನೇ ಲಾಟರಿ ಮಾರುತ್ತ ಬಂದಿದೆ. ತಮಿಳುನಾಡು 2003ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. ಟಿಕೆಟಿಗಾದರೂ ಡ್ರಾ ಮುಗಿಯುವ ಒಂದು ದಿನವಿದೆ. ಫೋನಿನ ಆಟಕ್ಕೆ ಅದೂ ಇಲ್ಲ.

ರಮ್ಮಿ ಬುದ್ಧಿಯ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದೆ ಎನ್ನುತ್ತಾರೆ. ಹೌದು. ಆದರೆ ಆ ಮೊಕದ್ದಮೆ ಸಿಕಂದರಾಬಾದಿನ ಒಂದು ಕ್ಲಬ್ಬಿನದು. ಅಲ್ಲಿ ಮುಖಕ್ಕೆ ಮುಖ ಕೊಟ್ಟು ಕುಳಿತು ಆಡುತ್ತಿದ್ದರು. ನಿದ್ದೆಗಣ್ಣಿನ ಕೂಲಿಯಾಳು ಕಾಣದವನೊಡನೆ ಆಡುವುದಕ್ಕೆ ಆ ಮಾತನ್ನು ಹೊದಿಸಬಹುದೇ?

2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದ ಕೇಂದ್ರದ ಕಾಯಿದೆ ಬುದ್ಧಿಯ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಬಿಟ್ಟು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವನಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಬ್ಯಾಂಕುಗಳು ಅದಕ್ಕೆ ಹಣ ದಾಟಿಸಬಾರದು. ಆಡಿ ಸೋತವನಿಗೆ ಆ ಕಾಯಿದೆಯಲ್ಲಿ ಶಿಕ್ಷೆಯಿಲ್ಲ. ಕಂಪೆನಿಗಳು ಕೋರ್ಟಿಗೆ ಹೋದವು. ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು.

ನಿಷೇಧಿಸಿದರೆ ಜನ ಪರದೇಶದ ಕಳ್ಳ ಆಟಗಳಿಗೆ ಹೋಗುತ್ತಾರೆಂಬ ಮಾತಿನಲ್ಲಿ ಸತ್ಯವಿದೆ, ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಮದ್ದು ಹಣದ ದಾರಿ ಕಟ್ಟುವುದು. ಮನೆಗೆ ಕಳ್ಳ ನುಗ್ಗಬಹುದೆಂದು ಊರ ಕಳ್ಳನಿಗೆ ಬೀಗದಕೈ ಕೊಡುವವರುಂಟೇ?

ಆದುದರಿಂದ ನಾವು ಕೇಳುವುದಿಷ್ಟು. ಪರವಾನಗಿಯ ಹೆಸರಿನಲ್ಲಿ ಈ ಬಾಗಿಲು ಮತ್ತೆ ತೆರೆಯಬಾರದು. ಬ್ಯಾಂಕುಗಳು ಕಣ್ಣುಮುಚ್ಚಿ ಹಣ ದಾಟಿಸಬಾರದು. ನಮ್ಮ ಪಾಲಿನ ಕೆಲಸವೂ ಇದೆ: ಸೋತವನನ್ನು ಹೀಯಾಳಿಸದಿರೋಣ. ನಾಚಿಕೆಯಿಂದ ಬಚ್ಚಿಟ್ಟ ಸಾಲವೇ ಎರಡನೆಯ ಸಾಲಕ್ಕೆ ತಾಯಿ. ಸಂಬಳದ ದಿನ ಗಂಡ ಹೆಂಡತಿ ಕೂಡಿ ಕುಳಿತು ಲೆಕ್ಕ ನೋಡಿರಿ. ಬೆವರು ಸುರಿಸಿ ಗಳಿಸಿದ ಕೂಲಿ ಮೊದಲು ಮಕ್ಕಳ ತಟ್ಟೆಗೆ ಬರಲಿ.