ಪುಸ್ತಕದಲ್ಲೊಮ್ಮೆ, ಯಂತ್ರದಲ್ಲೊಮ್ಮೆ

ಕಳೆದ ಹುಣ್ಣಿಮೆಯ ದಿನ ನಮ್ಮ ಓಣಿಯ ಆಶಾ ಕಾರ್ಯಕರ್ತೆಯು ಗರ್ಭಿಣಿಯಾದ ನಮ್ಮ ಸೊಸೆಯ ವಿವರಗಳನ್ನು ಬರೆದುಕೊಳ್ಳಲು ಬಂದಿದ್ದಳು. ನಾವು ಅಕ್ಷರ ಕಲಿಸಿದ ಹುಡುಗಿಯೇ. ಪುಸ್ತಕದಲ್ಲಿ ದುಂಡಾಗಿ ಬರೆದು ಮುಗಿಸಲು ಐದು ನಿಮಿಷ ಸಾಕಾಯಿತು. ತರುವಾಯ ಅದನ್ನೇ ಮೊಬೈಲಿನಲ್ಲಿ ತುಂಬತೊಡಗಿದಳು. ಹುಣ್ಣಿಮೆಯಂದು ಹುಲಿಗೆಮ್ಮನ ದರ್ಶನಕ್ಕೆ ನೆರೆಯುವ ಜನಸಂದಣಿಯನ್ನು ವಾಚಕರು ಬಲ್ಲರಷ್ಟೆ. ಅಷ್ಟು ಮೊಬೈಲುಗಳು ಒಂದೆಡೆ ಕೂಡಿದರೆ ಸಿಗ್ನಲ್ಲು ಎಲ್ಲಿಯದು? ಆಕೆ ಅಂಗಳಕ್ಕಿಳಿದಳು, ಮಾಳಿಗೆಯನ್ನೇರಿದಳು. ಸಂಸ್ಕೃತದಲ್ಲಿ 'ಆಶಾ' ಶಬ್ದಕ್ಕೆ ಬಯಕೆಯೆಂದೂ ದಿಕ್ಕೆಂದೂ ಎರಡರ್ಥಗಳುಂಟು. ನಾಲ್ಕೂ ದಿಕ್ಕಿಗೆ ಮೊಬೈಲನ್ನು ಹಿಡಿದು ನಿಂತವಳನ್ನು ಕಂಡು ನಾವು ನಕ್ಕೆವು. ಆಕೆ ನಗಲಿಲ್ಲ. "ಇದ್ರಾಗ ತುಂಬಲಿಲ್ಲಂದ್ರ ನಾ ಬಂದೇ ಇಲ್ಲಂತ ಆಗ್ತದ್ರಿ, ಮಾಸ್ತರ" ಎಂದಳು.

2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ನೇಮಕಗೊಂಡ ಈ ಸ್ತ್ರೀಯರು, ಸಾಧಾರಣವಾಗಿ ಸಾವಿರ ಜನಕ್ಕೊಬ್ಬರಂತೆ, ನಮ್ಮ ರಾಜ್ಯದಲ್ಲಿ ಸುಮಾರು 42,000 ಮಂದಿ ಇರುವರು. ಇವರು ಸಂಬಳದ ನೌಕರರಲ್ಲ. ಗೌರವಧನವೊಂದಿಷ್ಟು, ಉಳಿದುದು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೆಲಸ ಮಾಡಿದ್ದರೂ ಆರ್.ಸಿ.ಹೆಚ್. ಪೋರ್ಟಲಿನಲ್ಲಿ ದಾಖಲೆಯಾಗದೆ ಹಣ ಕೈತಪ್ಪುತ್ತದೆಂಬುದು 2025ನೆಯ ಇಸವಿಯ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇವರು ಹೂಡಿದ ಧರಣಿಯ ದೂರುಗಳಲ್ಲೊಂದಾಗಿದ್ದಿತು.

ಯಂತ್ರವನ್ನು ನಾವು ಹಳಿಯುವವರಲ್ಲ. ಬಸುರಿಯು ತವರಿಗೆ ಹೋದರೂ ಅವಳ ಲೆಕ್ಕ ಕಳೆಯದಿರುವುದು ದೊಡ್ಡ ಉಪಕಾರವೇ ಸರಿ. ಆದರೆ ಯಂತ್ರ ಬಂದ ಮೇಲೆ ಪುಸ್ತಕವು ಹೋಗಬೇಕಷ್ಟೆ? ಅದು ಹೋಗಲಿಲ್ಲ. ದುಡಿಮೆ ಒಂದು, ಬರೆಹ ಎರಡು, ಕೂಲಿಯು ಮಾತ್ರ ಎರಡನೆಯ ಬರೆಹಕ್ಕೆ! ದಿನವಿಡೀ ನಡೆದ ಕಾಲಿನ ನೋವಿಗಿಂತ, ತುಂಬದೆ ಉಳಿದ ಒಂದು ಮನೆಯ ಚಿಂತೆ ಇವರ ನಿದ್ರೆಯನ್ನು ಕೆಡಿಸುವುದು.

ಇದರಲ್ಲಿ ಗೃಹಸ್ಥರ ಪಾಲೂ ಇದೆ. ಆರೋಗ್ಯ ಕಾರ್ಡು ಮಾಡಿಸಲು ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುವುದು. ಆ ಮೊಬೈಲು ಗಂಡಸರ ಜೇಬಿನಲ್ಲಿ. ಬ್ಯಾಂಕಿನ ಮೋಸಗಳ ಸುದ್ದಿಯನ್ನು ಓದಿದ ನಾವು, ಓಟಿಪಿ ಕೇಳಿದ ಈಕೆಯನ್ನೂ ಕಳ್ಳಿಯಂತೆ ನೋಡುವೆವು. ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು, ತಾಯಿ ಕಾರ್ಡು, ಆಧಾರು, ಮೊಬೈಲುಗಳನ್ನು ಮನೆಯಲ್ಲಿರಿಸುವುದು ನಮಗೇನು ಕಷ್ಟ?

ಆ ದಿನ ನಮ್ಮ ಮಗನು ಗಿಣಿಗೇರಿಯ ಕಡೆಯ ಕಾರ್ಖಾನೆಗೆ ಹೋಗಿದ್ದನು. ಪಾಳಿ ಮುಗಿಯುವವರೆಗೆ ಮೊಬೈಲು ಮುಟ್ಟುವಂತಿಲ್ಲ. ರಾತ್ರಿ ಎಂಟಕ್ಕೆ, ಸಂದಣಿ ಕರಗಿದ ಮೇಲೆ, ಆಕೆ ಮತ್ತೆ ಬಂದಳು. ಚಹಾ ಕುಡಿಯೆಂದರೆ ಒಲ್ಲೆನೆಂದಳು. ಒಲೆಯ ಮೇಲೆ ಅನ್ನಕ್ಕಿಟ್ಟು ಮಗಳನ್ನು ಕಾವಲಿರಿಸಿ ಬಂದಿದ್ದಳಂತೆ.