ಪಾಳಿ ಸರಿ ಮಾಡಲು ಪೈಪ್ ಪಾನಾ ಹಿಡಿದವನು

2010ರಲ್ಲಿ ‘ಸೂಪರ್’ ಅನ್ನುವ ಎರಡು ಸಿನಿಮಾ ಬಂದವು. ಒಂದು ನಮ್ಮ ಉಪೇಂದ್ರ ಅವರದು, ಹೆಸರು ಬರೆಯದೆ ಬೆರಳಿನ ಚಿಹ್ನೆ ತೋರಿಸಿದ್ದು. ಅದು ನಿಮಗೆಲ್ಲ ಗೊತ್ತು. ಇನ್ನೊಂದು ಅಮೆರಿಕದ ಜೇಮ್ಸ್ ಗನ್ ಅವರದು. 2025ರಲ್ಲಿ ದೊಡ್ಡ ‘ಸೂಪರ್‌ಮ್ಯಾನ್’ ಮಾಡಿದವರು ಇವರೇ. ಆಗ ಮಾತ್ರ ಕಡಿಮೆ ದುಡ್ಡಿನಲ್ಲಿ, ಶಕ್ತಿಯೇ ಇಲ್ಲದ ಒಬ್ಬ ಸೂಪರ್‌ಹೀರೋನ ಕಥೆ ಹೇಳಿದ್ದರು. ಮೊನ್ನೆ ಹಲಗೇರಿಯಲ್ಲಿ ಗೆಳೆಯರೊಬ್ಬರ ಪಡಸಾಲೆಯಲ್ಲಿ ಐದು ಮಂದಿ ಒಂದೇ ಫೋನಿಗೆ ತಲೆ ಕೊಟ್ಟು ಅದನ್ನು ನೋಡಿದೆವು. ರಕ್ತ ಬಹಳ ಇದೆ, ಮಕ್ಕಳ ಮುಂದೆ ಹಾಕಬೇಡಿ.

ಫ್ರಾಂಕ್ ಅನ್ನುವವನು ಖಾನಾವಳಿಯಂಥ ಹೋಟೆಲಿನಲ್ಲಿ ಅಡುಗೆಯವನು. ಹೆಂಡತಿ ಅವನನ್ನು ಬಿಟ್ಟು ಮಾದಕ ವಸ್ತು ಮಾರುವವನ ಜೊತೆ ಹೋಗುತ್ತಾಳೆ. ಪೊಲೀಸರಿಗೆ ಹೇಳಿದರೆ ಉಪಯೋಗವಾಗುವುದಿಲ್ಲ. ದೇವರ ಬೆರಳು ತನ್ನ ಮಿದುಳು ಮುಟ್ಟಿತು ಅಂತ ಇವನಿಗೆ ಅನಿಸುತ್ತದೆ. ಕೆಂಪು ಬಟ್ಟೆಯ ವೇಷ ತಾನೇ ಹೊಲಿದುಕೊಂಡು, ಪೈಪ್ ಪಾನಾ ಹಿಡಿದು ಅನ್ಯಾಯ ತಡೆಯಲು ಹೊರಡುತ್ತಾನೆ. ಬೋರ್‌ವೆಲ್ ಮೋಟರ್ ಎತ್ತುವವರ ಕೈಯಲ್ಲಿ ಇರುತ್ತದಲ್ಲ, ಅದೇ ಪಾನಾ. ನಗು ಬರುವುದೇ ಅಲ್ಲಿ: ಕಸದ ಡಬ್ಬಿಯ ಹಿಂದೆ ಅಡಗಿ ಕೂತು ಅಪರಾಧ ಯಾವಾಗ ನಡೆಯುತ್ತದೋ ಅಂತ ಕಾಯುತ್ತಾನೆ, ಏನೂ ನಡೆಯುವುದಿಲ್ಲ.

ಆಮೇಲೆ ಆ ಸಿನಿಮಾ ಟಾಕೀಸಿನ ದೃಶ್ಯ. ಪಾಳಿಯಲ್ಲಿ ಒಬ್ಬ ಮಧ್ಯೆ ನುಗ್ಗುತ್ತಾನೆ, ಕೇಳಿದರೆ ಜಗಳಕ್ಕೆ ಬರುತ್ತಾನೆ. ಫ್ರಾಂಕ್ ಕಾರಿಗೆ ಹೋಗಿ ವೇಷ ಹಾಕಿಕೊಂಡು ಬಂದು ಅವನ ತಲೆಗೆ ಪಾನಾದಿಂದ ಬಾರಿಸುತ್ತಾನೆ. ಪಡಸಾಲೆಯಲ್ಲಿ ಎಲ್ಲರೂ ನಕ್ಕೆವು, ಸುಳ್ಳು ಯಾಕೆ ಹೇಳಬೇಕು. ನಮ್ಮ ಜೊತೆಗಿದ್ದ ಹುಡುಗ, ಡಿಗ್ರಿ ಎರಡನೇ ವರ್ಷದವನು, ತೊಡೆ ತಟ್ಟಿ ಅಂದ: “ಅಣ್ಣಾರ, ಇಂಥವ ಒಬ್ಬ ನಮ್ಮೂರಾಗೂ ಬೇಕ್ರಿ. ಬಸ್ ಸ್ಟ್ಯಾಂಡಿನ್ಯಾಗ ನಿಲ್ಲಸಬೇಕು.” ಅಷ್ಟರಲ್ಲಿ ಫ್ರಾಂಕ್ ಆ ಮನುಷ್ಯನ ಜೊತೆಗಿದ್ದ ಹೆಂಗಸಿಗೂ ಹೊಡೆದ. ನಗು ಅರ್ಧಕ್ಕೆ ನಿಂತಿತು. ಆಕೆ ಮಾಡಿದ್ದೇನು?

ಆ ಪ್ರಶ್ನೆ ನಮ್ಮನ್ನು ನೇರವಾಗಿ ಹಾನಗಲ್ಲಿಗೆ ಕರೆದುಕೊಂಡು ಹೋಯಿತು. 2024ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಲಾಡ್ಜ್ ಒಂದರಲ್ಲಿ ಬೇರೆ ಬೇರೆ ಧರ್ಮದ ಗಂಡಸು, ಹೆಂಗಸು ಇದ್ದಾರೆಂದು ಯುವಕರ ಗುಂಪೊಂದು ಕೋಣೆಗೆ ನುಗ್ಗಿತು, ಹೊಡೆಯಿತು, ಅದನ್ನು ತಾವೇ ವಿಡಿಯೊ ಮಾಡಿಕೊಂಡಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತೆಂದು ಆ ಮಹಿಳೆ ಆಮೇಲೆ ಹೇಳಿಕೆ ಕೊಟ್ಟರು. 2025ರ ಮೇನಲ್ಲಿ ಏಳು ಆರೋಪಿಗಳಿಗೆ ಜಾಮೀನು ಸಿಕ್ಕಾಗ ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆ ನಡೆಯಿತು. ಅದರ ವಿಡಿಯೊ ಹರಿದಾಡಿದ ಮೇಲೆ ಪೊಲೀಸರು ಮತ್ತೊಂದು ಪ್ರಕರಣ ದಾಖಲಿಸಿದರು. ಆರೋಪ ನಿಜವೋ ಅಲ್ಲವೋ ಹೇಳಬೇಕಾದದ್ದು ನ್ಯಾಯಾಲಯ. ನಾವು ಕೇಳುವುದು ಅದಕ್ಕೂ ಮೊದಲಿನ ಮಾತು. ವಯಸ್ಕರಿಬ್ಬರು ಬಾಗಿಲು ಹಾಕಿಕೊಂಡಿದ್ದರೆ ಅದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಆ ಬಾಗಿಲು ಬಡಿಯಲು ಇವರಿಗೆ ಹೇಳಿದವರು ಯಾರು?

2009ರ ಜನವರಿ 24ರ ಮಂಗಳೂರು ಪಬ್ ದಾಳಿಯನ್ನು ದೇಶವೇ ನೋಡಿತು, ಯಾಕೆಂದರೆ ಅಲ್ಲಿ ಟಿವಿ ಕ್ಯಾಮೆರಾ ಇತ್ತು. ಈಗ ಟಿವಿಯವರೂ ಬೇಕಾಗಿಲ್ಲ. ಹೊಡೆಯುವವನ ಎಡಗೈಯಲ್ಲೇ ಫೋನು ಇರುತ್ತದೆ. ಫ್ರಾಂಕ್‌ನನ್ನೂ ಸಿನಿಮಾದ ಸುದ್ದಿ ವಾಹಿನಿಗಳು ಮೊದಲು ಹುಚ್ಚ ಅನ್ನುತ್ತವೆ. ಪೆಟ್ಟು ತಿಂದವರಲ್ಲಿ ಹಲವರು ಕಳ್ಳರಂತೆ ಅಂತ ಗೊತ್ತಾದ ಮೇಲೆ ಜನ ಅವನ ಕಡೆ ತಿರುಗುತ್ತಾರೆ. ಸುದ್ದಿ ಬರೆದು ಹೊಟ್ಟೆ ಹೊರೆಯುವ ನಮಗೆ ಇದು ಚೆನ್ನಾಗಿ ಚುಚ್ಚಿತು. ‘ಸಾರ್ವಜನಿಕರಿಂದ ಧರ್ಮದೇಟು’ ಅಂತ ಹೆಡ್ಡಿಂಗ್ ಕೊಟ್ಟವರು ನಾವೇ ಅಲ್ಲವೇ? ಏಟಿಗೆ ಧರ್ಮ ಅಂಟಿಸಿದ್ದು ಯಾರು?

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಎದ್ದಾಗ ಒಂದು ಆಡಿಯೊ ನಮ್ಮ ಫೋನಿಗೂ ಬಂತು. ಪರಿಶೀಲಿಸದೆ ಮೂರು ಗ್ರೂಪಿಗೆ ಕಳಿಸಿದೆವು, ‘ಎಚ್ಚರ ಇರಲಿ’ ಅಂತ ಬೇರೆ ಸೇರಿಸಿ. ನಾಲ್ಕು ದಿನ ಬಿಟ್ಟು ಪಕ್ಕದ ಊರಲ್ಲಿ ಬಾಚಣಿಕೆ, ಪಿನ್ನು ಮಾರುವ ಮುದುಕನನ್ನು ಹುಡುಗರು ತಡೆದು ನಿಲ್ಲಿಸಿದರು. ಒಬ್ಬ ಅಜ್ಜಿ ಬಂದು “ಏ ಬಿಡ್ರೋ, ವರ್ಷಾ ಬರ್ತಾನ ಅಂವ, ನನ್ ಸೊಸಿಗೆ ಬಳಿ ಇಡಿಸಿದಾವ” ಅಂದದ್ದರಿಂದ ಅವನು ಉಳಿದ. ಏನೂ ಆಗಲಿಲ್ಲವೆಂದು ನಾವು ಸುದ್ದಿಯನ್ನೂ ಮಾಡಲಿಲ್ಲ. ಆ ವರ್ಷದ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ವದಂತಿಗೆ ಒಬ್ಬ ಕೂಲಿ ಹುಡುಗ ಸತ್ತಿದ್ದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಗಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಜನ ಕೊಂದರು. ಕೊಂದವರಲ್ಲಿ ಪ್ರತಿಯೊಬ್ಬನಿಗೂ ತಾನು ಮಗುವನ್ನು ಉಳಿಸುತ್ತಿದ್ದೇನೆ ಅಂತಲೇ ಅನಿಸಿರಬೇಕು.

ಹುಡುಗನ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ. ಅರ್ಜಿ ಕೊಟ್ಟರೆ ನಾಳೆ ಬಾ ಅನ್ನುತ್ತಾರೆ, ದೂರು ಕೊಟ್ಟರೆ ರಾಜಿ ಆಗು ಅನ್ನುತ್ತಾರೆ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ದರ ಬಿದ್ದ ಸಿಟ್ಟಿಗೆ ಕಲ್ಲು ಬಿದ್ದವು, ವಾಹನ ಸುಟ್ಟವು. ಸುಟ್ಟದ್ದು ಸರಿ ಅನ್ನುವುದಿಲ್ಲ. ಆದರೆ ಅದು ತನ್ನ ಚೀಲದ ಮಾಲಿಗೆ ಬೆಲೆ ಸಿಗದವನ ಸಂಕಟ. ಲಾಡ್ಜಿನ ಬಾಗಿಲು ಬಡಿದವರದು ಯಾವ ಸಂಕಟ? ಫ್ರಾಂಕ್‌ನ ನಿಜವಾದ ನೋವು ಹೆಂಡತಿ ಹೋದದ್ದು. ಆದರೂ ಅವನ ಪಾನಾ ಪಾಳಿಯಲ್ಲಿ ನುಗ್ಗಿದವನ ಮೇಲೂ ಬೀಳುತ್ತದೆ. ಅವನು ಸುಲಭಕ್ಕೆ ಸಿಗುತ್ತಾನೆ.

ಕಾನೂನು ನಮ್ಮ ಕೈ ಪೂರ್ತಿ ಕಟ್ಟಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿಯಲು ಅವಕಾಶ ಇದೆ. ಹೊಡೆಯಲು, ವಿಡಿಯೊ ಮಾಡಿ ಹಂಚಲು ಇಲ್ಲ. 112 ಒತ್ತಲು ಯಾವ ವೇಷವೂ ಬೇಡ.

ಸಿನಿಮಾದ ಬಗ್ಗೆ ನಮಗೊಂದು ತಕರಾರಿದೆ. ಫ್ರಾಂಕ್‌ಗೆ ಲಿಬ್ಬಿ ಅನ್ನುವ ಹುಡುಗಿ ಜೊತೆಯಾಗುತ್ತಾಳೆ, ಕಾಮಿಕ್ಸ್ ಅಂಗಡಿಯವಳು. ಗೆಳೆಯನ ಕಾರಿಗೆ ಗೀರು ಹಾಕಿದ ಅನ್ನುವ ಸಂಶಯಕ್ಕೆ ಒಬ್ಬನನ್ನು ಸಾಯಿಸುವ ತನಕ ಹೋಗುತ್ತಾಳೆ. ಕಡೆಗೆ ಮುಖಕ್ಕೇ ಗುಂಡು ಬಿದ್ದು ಅವಳು ಸಾಯುತ್ತಾಳೆ. ಸಿನಿಮಾ ಮಾತ್ರ ಅವಳನ್ನು ಬೇಗ ದಾಟಿ, ಕೊಲೆಗಳನ್ನು ಮಾಡಿದ ಫ್ರಾಂಕ್‌ಗೆ ಗೋಡೆ ತುಂಬ ಮಕ್ಕಳ ಚಿತ್ರ ಅಂಟಿಸಿ ಕಣ್ಣೀರು ಹಾಕಿಸುತ್ತದೆ. ಅಷ್ಟು ಸುಲಭಕ್ಕೆ ಕ್ಷಮಿಸಲು ನಮ್ಮಿಂದ ಆಗಲಿಲ್ಲ. ಗೆಳೆಯರು ಒಪ್ಪಲಿಲ್ಲ. ಹೆಂಡತಿ ಬದುಕಿದಳಲ್ಲ ಅಂದರು.

ಲಿಬ್ಬಿ ಬಿದ್ದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಡಿಗ್ರಿ ಹುಡುಗ ಕೇಳಿದ: “ಆಕಿ ಖರೇನ ಸತ್ಲೇನ್ರಿ ಅಣ್ಣಾರ? ಮತ್ತ ಬರೂದಿಲ್ಲಾ?”

ಬರುವುದಿಲ್ಲ ಅಂದೆವು.